ಸತ್ತವರು ಏಳುವ ತನಕ

ನಮ್ಮ ಮನೆಯಲ್ಲಿ ಟಿವಿ ಆರಿಸುವುದಕ್ಕೆ ಒಂದು ಕಟ್ಟುಪಾಡು ಇತ್ತು. ಅದರೊಳಗೆ ಯಾರಾದರೂ ಸತ್ತಿದ್ದರೆ ಅವರು ಎದ್ದು ನಿಲ್ಲುವ ತನಕ ಆರಿಸುವ ಹಾಗಿಲ್ಲ. ಕಟ್ಟುಪಾಡು ಮಾಡಿದವಳು ನನ್ನ ಅವ್ವ. ಗೊಣಗುತ್ತಾ ಪಾಲಿಸುತ್ತಿದ್ದವಳು ನಾನು.

ಅವ್ವ ಸೀರಿಯಲ್ ನೋಡುವವಳಲ್ಲ. ಆಕೆ ನೋಡುವುದು ಒಪೆರಾ, ಹೊರದೇಶದವರ ಹಾಡುನಾಟಕ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆ. ಊರಿಗೆಲ್ಲ ಒಂದು ದಾರಿಯಾದರೆ ಯಡವಟ್ಟನಿಗೆ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ. ಪಕ್ಕದ ಮನೆಯವರು ಸಂಜೆ ಬಂದು, ಇದೇನ್ರೀ ನಿಮ್ಮ ಟಿವಿಯಲ್ಲಿ ಯಾರೋ ಕಿರುಚುತ್ತಿದ್ದಾರೆ ಅಂತ ಕೇಳಿದರೆ ಇಂಗ್ಲಿಷ್ ಸಿನಿಮಾ ಅಂದು ಸುಮ್ಮನಾಗುತ್ತಿದ್ದೆ. ಅದು ಇಂಗ್ಲಿಷೂ ಅಲ್ಲ, ಸಿನಿಮಾವೂ ಅಲ್ಲ.

ಶುರುವಾದದ್ದು ಕೊರೊನಾ ಕಾಲದಲ್ಲಿ. ನಾನು ನ್ಯಾಮತಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು. ಶಾಲೆ ಮುಚ್ಚಿತ್ತು, ಬಸ್ಸಿರಲಿಲ್ಲ, ಫೋನಿನಲ್ಲಿ ಪಾಠ ಮಾಡಿ ಮಾಡಿ ತಲೆ ಕೆಟ್ಟುಹೋಗಿತ್ತು. ಹೊರದೇಶದ ದೊಡ್ಡ ನಾಟಕಮಂದಿರಗಳು ತಮ್ಮಲ್ಲಿ ಹಿಂದೆ ಆಡಿದ ಹಾಡುನಾಟಕಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟುಕೊಂಡಿರುತ್ತವೆ. ಆ ದಿನಗಳಲ್ಲಿ ಅವುಗಳನ್ನು ಬಿಟ್ಟಿಯಾಗಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದವು. ನಾನು ಹುಡುಕಿಕೊಂಡು ಹೋದದ್ದಲ್ಲ. ಯಾವುದೋ ವಚನಗಾಯನ ಮುಗಿದ ಮೇಲೆ ಟಿವಿ ತಾನೇ ತಾನಾಗಿ ಅದನ್ನು ಹಚ್ಚಿತು. ತಲೆಯ ಮೇಲೆ ಕಿರೀಟ, ಸೊಂಟದಲ್ಲಿ ಕತ್ತಿ, ಗುಡಾಣದಂಥ ಹೊಟ್ಟೆಯ ರಾಜ ಬಾಯಿ ಬಿಟ್ಟರೆ ಮನೆಯ ಪಾತ್ರೆಯೆಲ್ಲ ಗುಂಯ್ ಅಂದವು. ಅವ್ವ ಚಪಾತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು. ಇದು ನಮ್ಮ ದೊಡ್ಡಾಟ ಅಲ್ಲವಾ ಅಂದಳು.

ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದದ್ದನ್ನು ಅಲ್ಲೂ ಕಾಲು ಗಂಟೆ ಹಾಡುತ್ತಾರೆ. ಮೇಳದವರು ಅಲ್ಲೂ ಬೇರೆ ಕೂರುತ್ತಾರೆ. ಕೊಲ್ಲಬೇಕಾದವನನ್ನು ತಕ್ಷಣ ಕೊಲ್ಲದೆ ಅಲ್ಲೂ ಸುತ್ತಾಡಿಸುತ್ತಾರೆ. ಅವ್ವನದು ಜಗಳೂರು ಸೀಮೆಯ ಹಳ್ಳಿ. ಅಪ್ಪನದೂ ಅದೇ. ಅಪ್ಪ ಹೊನ್ನಾಳಿಯಲ್ಲಿ ಕಾಲುವೆ ಕಚೇರಿಯ ನೌಕರಿ ಮಾಡಿದರೂ ದೊಡ್ಡಾಟದ ಸಮಯಕ್ಕೆ ರಜೆ ಹಾಕಿ ಊರಿಗೆ ಓಡುತ್ತಿದ್ದ. ಪ್ರತಿ ಸಲವೂ ಖಳನ ಪಾತ್ರ, ಪ್ರತಿ ಸಲವೂ ಕೊನೆಗೆ ಸಾವು. ಅವನಷ್ಟು ಸಲ ಸತ್ತವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಅಂತ ನೆಂಟರು ತಮಾಷೆ ಮಾಡುತ್ತಿದ್ದರು.

ಆವತ್ತು ಟಿವಿಯ ರಾಜನೂ ಇರಿತ ತಿಂದು ಬಿದ್ದ. ಪರದೆ ಬಂತು. ನಾನು ರಿಮೋಟಿಗೆ ಕೈ ಹಾಕಿದರೆ ಅವ್ವ ಮಣಿಕಟ್ಟು ಹಿಡಿದಳು.

"ತಡಿ. ಎಬ್ಬಿಸ್ತಾರೋ ಇಲ್ಲೋ ನೋಡಾನ."

ಪರದೆ ಮತ್ತೆ ಸರಿಯಿತು. ರಾಜ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ, ತನ್ನನ್ನು ಕೊಂದವನ ಕೈ ಹಿಡಿದುಕೊಂಡು. ಎದೆಯ ಮೇಲೆ ಅಂಗೈ ಇಟ್ಟು ಬಾಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಯಾರೋ ಹೂವು ಕೊಟ್ಟರು, ಕೆಳಗಿನಿಂದ ಮೇಳದ ಯಜಮಾನನೂ ಬಂದು ಪಕ್ಕಕ್ಕೆ ನಿಂತ. ಅವ್ವ ಹಿಟ್ಟಿನ ಕೈಯ ಹಿಂಭಾಗದಿಂದ ಕಣ್ಣು ಒರೆಸಿಕೊಂಡು, ಅವರಿಗೂ ಪದ್ಧತಿ ಐತೆ ಅಂದಳು.

ಯಾವ ಪದ್ಧತಿ ಅಂತ ಹೇಳಬೇಕು. ನಮ್ಮ ಕಡೆಯ ಆಟದಲ್ಲಿ ಬೆಳಗಿನ ಜಾವಕ್ಕೆ ಖಳನ ವಧೆಯಾಗುತ್ತದೆ. ಅವನು ಬಿದ್ದ ಮೇಲೆ ಇಬ್ಬರು ಅಡ್ಡ ಪರದೆ ಹಿಡಿಯುತ್ತಾರೆ. ಭಾಗವತ, ಅಂದರೆ ಆಟವನ್ನು ಹಾಡಿ ನಡೆಸುವವನು, ಬಂದು ಬಿದ್ದವನ ಹಣೆಗೆ ವಿಭೂತಿ ಹಚ್ಚಿ, ಪಾತ್ರದ ಹೆಸರು ಬಿಟ್ಟು ಮನೆಯಲ್ಲಿ ಕರೆಯುವ ಹೆಸರಿನಿಂದ ಕೂಗಿ ಏಳು ಅನ್ನುತ್ತಾನೆ. ಅವನು ಎದ್ದು ಜನರಿಗೆ ಮುಖ ತೋರಿಸಿದ ಮೇಲೆ ಮಂಗಳ. ಅಲ್ಲಿಯ ತನಕ ಜಾಗ ಬಿಟ್ಟು ಯಾರೂ ಏಳುವುದಿಲ್ಲ. ಏಳದೆ ಉಳಿದ ಸಾವು ನೋಡಿದವರ ಹಿಂದೆ ಮನೆಗೆ ಬರುತ್ತದೆ ಅಂತ ನಂಬಿಕೆ. ಬಸುರಿಯರನ್ನಂತೂ ವಧೆಗೆ ಮೊದಲೇ ಮನೆಗೆ ಕಳಿಸಿಬಿಡುತ್ತಿದ್ದರು. ಎಬ್ಬಿಸುವುದರಲ್ಲಿ ಏನಾದರೂ ಎಡವಟ್ಟಾದರೆ ಅಂತ.

ಅಪ್ಪ ಕೊರೊನಾದ ಎರಡನೇ ಅಲೆಯಲ್ಲಿ ಹೋದ. ಆಂಬುಲೆನ್ಸ್ ಹತ್ತಿಸಿದ್ದಷ್ಟೇ ನಾವು ನೋಡಿದ್ದು. ಆಮೇಲೆ ಬಾಗಿಲ ತನಕವೂ ಯಾರನ್ನೂ ಬಿಡುತ್ತಿರಲಿಲ್ಲ. ಯಾರ ತಪ್ಪೂ ಅಲ್ಲ, ಕಾಲವೇ ಹಾಗಿತ್ತು. ಟಿವಿಯಲ್ಲಿ ಆ ರಾಜ ಎದ್ದದ್ದು ಅದಾಗಿ ಕೆಲವೇ ವಾರಗಳ ಮೇಲೆ. ಹಾಗಾಗಿ ಅವ್ವನ ಕಟ್ಟುಪಾಡಿಗೆ ನಾನು ಎದುರು ಮಾತಾಡಲಿಲ್ಲ. ಆಡುವ ಧೈರ್ಯವೂ ಇರಲಿಲ್ಲ.

ಹೀಗೆ ನಮ್ಮಿಬ್ಬರಿಗೂ ಚಟ ಹತ್ತಿತು. ಮೊದಲೇ ಕಥೆ ಓದಿಕೊಂಡು ನಾನು ಅವ್ವನಿಗೆ ಹೇಳಬೇಕು. ನಡುವೆ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಬಿಡಿಸಬೇಕು. ಅವಳು ಸಾಮಾನ್ಯವಾಗಿ ಬೇಡ ಅನ್ನುತ್ತಿದ್ದಳು. ಅವರ ಮುಖದಲ್ಲೇ ಐತೆ, ನೀನು ನಡುವೆ ಬಾಯಿ ಹಾಕಬೇಡ ಅಂತ. ಬ್ಯಾಲೆ ಅವಳಿಗೆ ಅಷ್ಟಕ್ಕಷ್ಟೇ. ಇಷ್ಟು ಕಷ್ಟಪಟ್ಟು ಕಾಲ್ಬೆರಳ ತುದಿಯಲ್ಲಿ ನಿಲ್ಲುವ ಬದಲು ಎರಡು ಪದ ಹಾಡಬಾರದಾ ಅನ್ನುತ್ತಿದ್ದಳು. ಒಪೆರೆಟ್ಟಾ ಅಂತ ಇನ್ನೊಂದು ಬಗೆ ಇದೆ, ಮಾತು, ಹಾಡು, ಕುಣಿತ, ಗಂಡ ಹೆಂಡಿರ ಕಿತ್ತಾಟ, ಕೊನೆಗೆ ಮದುವೆ. ಅದನ್ನು ಅರ್ಧ ನೋಡಿ, ಇದರಲ್ಲಿ ಯಾರೂ ಸಾಯುವುದಿಲ್ಲವಾ ಅಂತ ಕೇಳಿ ಬೆಳ್ಳುಳ್ಳಿ ಸುಲಿಯಲು ಎದ್ದು ಹೋದಳು. ಸಾವಿನ ನಡುವೆ ಕರೆಂಟು ಹೋದರೆ ಮಾತ್ರ ಮನೆಯಲ್ಲಿ ಊಟವಿಲ್ಲ. ಬರುವ ತನಕ ಕತ್ತಲಲ್ಲಿ ಕೂತು ಅಳಿಯನನ್ನು ಬಯ್ಯುತ್ತಿದ್ದಳು. ನನ್ನ ತಂಗಿಯ ಗಂಡ ಚನ್ನಗಿರಿಯಲ್ಲಿ ಲೈನ್‌ಮನ್. ಹೊನ್ನಾಳಿಯ ಕರೆಂಟಿಗೂ ಅವನಿಗೂ ಸಂಬಂಧವಿಲ್ಲ ಅಂತ ಎಷ್ಟು ಹೇಳಿದರೂ ಅವ್ವನ ತಲೆಗೆ ಹೋಗಲಿಲ್ಲ.

ಆ ತಂಗಿ ಹೆರಿಗೆಗೆ ನಮ್ಮಲ್ಲಿಗೆ ಬಂದಾಗಿನಿಂದ ನನಗೆ ಭಯ ಶುರುವಾಯಿತು.

ಅವಳಿಗೆ ಹಿಂದಿನ ಬಸಿರು ಏಳನೇ ತಿಂಗಳಲ್ಲಿ ಹೋಗಿತ್ತು. ಹೋಗುವ ಮೊದಲು ಏನೂ ಸೂಚನೆ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಮಧ್ಯಾಹ್ನ ಆಸ್ಪತ್ರೆಯಲ್ಲಿದ್ದಳು. ಈ ಸಲ ಬಿಪಿ ಏರುತ್ತಿದೆ, ಹೆಚ್ಚು ಓಡಾಡಬೇಡಿ, ತಲೆನೋವು ಬಂದರೆ, ಕಣ್ಣು ಮಂಜಾದರೆ ತಕ್ಷಣ ಕರೆತನ್ನಿ ಅಂತ ಡಾಕ್ಟರು ಹೇಳಿದ್ದರು. ಆ ಮಾತು ಸಾಕಾಯಿತು. ಅವಳು ಹಣೆ ಮುಟ್ಟಿಕೊಂಡರೆ ನಾನು ಎದ್ದು ನಿಲ್ಲುತ್ತಿದ್ದೆ. ಕಣ್ಣು ಉಜ್ಜಿಕೊಂಡರೆ ಅವ್ವ ದೇವರ ಗೂಡಿನ ಕಡೆ ನೋಡುತ್ತಿದ್ದಳು. ನ್ಯಾಮತಿಯಲ್ಲಿ ಪಾಠ ಮಾಡುವಾಗ ಫೋನು ಮೇಜಿನ ಮೇಲೇ ಇರಬೇಕು. ಅದು ಗುರ್ ಅಂದರೆ ಹಲಗೆಯ ಮೇಲಿನ ಸಮೀಕರಣ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಾವು ನೀರನ್ನೂ ಊದಿ ಕುಡಿಯುತ್ತಿದ್ದೆವು.

ತಂಗಿ ಮಾತ್ರ ಆರಾಮವಾಗಿದ್ದಳು. ನಮ್ಮಿಬ್ಬರನ್ನೂ ಆಡಿಕೊಂಡು ನಗುತ್ತಿದ್ದಳು. ಬಿಪಿ ನನಗೆ ಇರುವುದಾ ನಿನಗಾ ಅಂತ ನನ್ನನ್ನು ಕೇಳುತ್ತಿದ್ದಳು. ಮಲಗಿ ಮಲಗಿ ಬೇಜಾರಾಗಿ ಅವಳೂ ನಮ್ಮ ಆಟಗಳನ್ನು ನೋಡಲು ಕೂತಳು. ದೊಡ್ಡಾಟದ ವಧೆಗೆ ಮೊದಲೇ ಬಸುರಿಯರನ್ನು ಮನೆಗೆ ಕಳಿಸುತ್ತಿದ್ದ ಅವ್ವ ಇದಕ್ಕೆ ಹೂಂ ಅಂದದ್ದು ನನಗೆ ಆಶ್ಚರ್ಯ. ಅವಳ ಲೆಕ್ಕ ಬೇರೆ ಇತ್ತು. ಇದು ಎಂದೋ ಆಡಿ ಮುಗಿದ ಆಟ. ಸತ್ತವರು ಎದ್ದು, ಕೈಮುಗಿದು, ಮನೆಗೆ ಹೋಗಿ ಊಟ ಮಾಡಿ ಎಷ್ಟೋ ಕಾಲವಾಗಿದೆ. ಎಬ್ಬಿಸುವುದರಲ್ಲಿ ಎಡವಟ್ಟಾಗುವ ಪ್ರಶ್ನೆಯೇ ಇಲ್ಲ. ಟಿವಿಯಲ್ಲಿ ಎಲ್ಲರೂ ಏಳುತ್ತಾರೆ, ಊರಿನ ಆಟಕ್ಕಿಂತ ಇದೇ ಗ್ಯಾರಂಟಿ ಅಂದಳು. ಕೇಳಲು ಎಷ್ಟು ಸರಿಯಾಗಿತ್ತೆಂದರೆ ಗಣಿತದವಳಾದ ನಾನೂ ತಲೆಯಾಡಿಸಿದೆ. ಆದರೂ ನನ್ನ ಪುಕ್ಕಲು ನನಗೆ. ಹಚ್ಚುವ ಮೊದಲು ಕೊನೆಗೆ ಓಡಿಸಿ, ಎಲ್ಲರೂ ಸಾಲಾಗಿ ನಿಂತು ಬಾಗುತ್ತಾರೆ ಅಂತ ಖಾತ್ರಿ ಮಾಡಿಕೊಂಡು, ಮತ್ತೆ ಮೊದಲಿಗೆ ತರುತ್ತಿದ್ದೆ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಇಬ್ಬರೂ ಟಿವಿಯ ಮುಂದೆ ಕೂತಿದ್ದರು. ತಂಗಿಯೇ ಹುಡುಕಿ ಹಚ್ಚಿದ್ದಳು. ಕೊನೆಯ ಅಂಕ ನಡೆಯುತ್ತಿತ್ತು. ಹಿಟ್ಟಿನ ಗಿರಣಿಯವನ ಮಗಳು, ಕೊಟ್ಟ ಮಾತಿಗೆ ಬರದ ಸಿಪಾಯಿಯನ್ನು ಕಾಯುತ್ತಾ ಹಿಮದಲ್ಲಿ ಕೂತಿದ್ದಾಳೆ. ಬಹಳ ಚೆಂದದ ಹೆಂಗಸು. ಚಪ್ಪಲಿ ಬಿಡುತ್ತಾ ನೋಡಿದ ನನಗೆ ಏನೋ ಸರಿಯಿಲ್ಲ ಅನಿಸಿತು. ಹಿಮ ತೀರಾ ನಿಜವಾಗಿತ್ತು. ಕ್ಯಾಮೆರಾ ಅವಳ ರೆಪ್ಪೆಯ ತನಕ ಹೋಗುತ್ತಿತ್ತು. ಯಾರೂ ಕೆಮ್ಮುತ್ತಿರಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಬರಲಿಲ್ಲ.

ಅದು ವೇದಿಕೆಯ ಮೇಲೆ ಆಡಿದ್ದಲ್ಲ. ಎಂದೋ ಸ್ಟುಡಿಯೋದಲ್ಲಿ ತೆರೆಗೆಂದೇ ತೆಗೆದದ್ದು. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಅದಕ್ಕೆ ತುಟಿ ಕೂಡಿಸಿ ನಟಿಸಿರುತ್ತಾರೆ. ಎದುರಿಗೆ ಜನರೇ ಇರುವುದಿಲ್ಲ. ಜನರಿಲ್ಲದ ಮೇಲೆ ಚಪ್ಪಾಳೆ ಇಲ್ಲ, ಚಪ್ಪಾಳೆ ಇಲ್ಲದ ಮೇಲೆ ಯಾರು ಎದ್ದು ಬಂದು ಯಾರಿಗೆ ಬಾಗಬೇಕು? ನನಗೆ ಇದು ಹೊಳೆಯುವ ಹೊತ್ತಿಗೆ ಅವಳು ಹಿಮದಲ್ಲಿ ಪಕ್ಕಕ್ಕೆ ಒರಗಿದ್ದಳು. ಕ್ಯಾಮೆರಾ ಮೇಲೆ ಮೇಲೆ ಹೋಯಿತು. ಅವಳು ಚಿಕ್ಕದಾದಳು. ಅವಳ ಮೇಲೇ ಹೆಸರುಗಳು ಸಾಲಾಗಿ ಹರಿದವು. ಟಿವಿ ಕಪ್ಪಾಯಿತು.

ಅವ್ವ ಕಾದಳು. ನನ್ನ ಮುಖ ನೋಡಿದಳು.

"ಏಳಲಿಲ್ಲಲ್ಲೇ."

ಇದು ಸಿನಿಮಾದ ಹಾಗೆ ತೆಗೆದದ್ದು, ಇದರಲ್ಲಿ ಏಳುವುದು ಇರುವುದಿಲ್ಲ ಅಂತ ವಿವರಿಸಿದೆ. ಸಿನಿಮಾದಲ್ಲಿ ಸತ್ತವರನ್ನು ನೀನು ಎಷ್ಟು ನೋಡಿಲ್ಲ ಅಂತಲೂ ಕೇಳಿದೆ. ಅವ್ವ ಒಪ್ಪಲಿಲ್ಲ. ಸಿನಿಮಾ ಬೇರೆ, ಇದು ಆಟ, ಆಟದಲ್ಲಿ ಸತ್ತವಳು ಏಳಬೇಕು ಅಂದಳು. ಬೈಯಲಿಲ್ಲ, ಅಳಲಿಲ್ಲ. ಒಂದು ಕೈ ತಂಗಿಯ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಳು. ತಂಗಿಯೇ ನಕ್ಕು, ಅವ್ವಾ, ಆಕೆ ಆವತ್ತೇ ಎದ್ದು ಕಾಫಿ ಕುಡಿದಿರುತ್ತಾಳೆ ಬಿಡು ಅಂದಳು. ಇರಬಹುದು, ಆದರೆ ನಾವು ನೋಡಲಿಲ್ಲವಲ್ಲ ಅಂದಳು ಅವ್ವ.

ಆ ಮಧ್ಯಾಹ್ನ ಏನೇನು ಯೋಚನೆ ಮಾಡಿದೆವೋ. ಅದೇ ಹಾಡುಗಾತಿಯ ಬೇರೆ ಆಟ ಸಿಕ್ಕಿ, ಅದರಲ್ಲಿ ಅವಳು ಎದ್ದು ನಿಂತಿದ್ದರೆ ಆಗುತ್ತದಾ ಅಂತ ನಾನು ಕೇಳಿದೆ. ಆ ಸಾವಿಗೆ ಆ ಏಳುವುದು, ಈ ಸಾವಿಗೆ ಈ ಏಳುವುದು ಅಂತ ಅವ್ವ ಖಂಡತುಂಡವಾಗಿ ಹೇಳಿದಳು. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಭಾಗವತ ಇಲ್ಲದಿದ್ದರೆ ಏನಾಯಿತು, ಕರೆಯುವವರು ಯಾರಾದರೇನು. ದೀಪ ಹಚ್ಚಿ, ಅವಳು ಬಿದ್ದ ಜಾಗವನ್ನು ಟಿವಿಯಲ್ಲಿ ನಿಲ್ಲಿಸಿ, ತಾನೇ ವಿಭೂತಿ ಹಚ್ಚಿ ಹೆಸರು ಹಿಡಿದು ಕರೆಯುತ್ತಾಳೆ. ಪಾತ್ರದ ಹೆಸರು ನಡೆಯುವುದಿಲ್ಲ, ಆಕೆಯ ಸ್ವಂತ ಹೆಸರು ಬೇಕು. ನಿನ್ನ ಫೋನಿನಾಗೆ ನೋಡಿ ಹೇಳು ಅಂದಳು.

ನಾನು ಹಿತ್ತಿಲ ಬಾಗಿಲಿಗೆ ಹೋಗಿ ನೋಡಿದೆ. ಹೆಸರು ಸಿಕ್ಕಿತು. ಕೆಳಗೇ ಇನ್ನೊಂದು ವಿಷಯವೂ ಸಿಕ್ಕಿತು. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು.

ಇದು ಯಾರ ಗ್ರಹಚಾರ ನೋಡಿ. ಹೋದವರನ್ನು ದೀಪದ ಮುಂದೆ ಹೆಸರು ಹಿಡಿದು ಏಳು ಅನ್ನಬಾರದು, ಹಾಗೆ ಕರೆದರೆ ಯಾರು ಬರುತ್ತಾರೋ ಗೊತ್ತಿಲ್ಲ ಅಂತ ನಮ್ಮನ್ನು ಬೆದರಿಸಿ ಬೆಳೆಸಿದವಳೂ ಇದೇ ಅವ್ವ. ಅಪ್ಪ ಹೋದ ಮೇಲೆ ಅವನ ಹೆಸರನ್ನು ಸಂಜೆಯ ಹೊತ್ತು ಮನೆಯಲ್ಲಿ ಯಾರೂ ಎತ್ತಿಲ್ಲ. ಈಗ ನಿಜ ಹೇಳಿದರೆ ಅವ್ವ ಕುಸಿಯುತ್ತಾಳೆ. ಹೆಸರು ಸಿಗಲಿಲ್ಲ ಅಂದರೆ ಅವಳು ಹೆರಿಗೆಯ ತನಕ ಅನ್ನ ನೀರು ಬಿಡುತ್ತಾಳೆ. ನಿಜವಾದ ಹೆಸರು ಹೇಳಿ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಹೆಸರನ್ನು ದೀಪದ ಮುಂದೆ, ತುಂಬಿದ ಬಸುರಿಯ ಎದುರು ಕರೆಸುವ ಧೈರ್ಯ ನನಗಾಗಲಿಲ್ಲ. ಅತ್ತ ದರಿ, ಇತ್ತ ಪುಲಿ. ನಂಬದವಳಿಗೆ ಇಷ್ಟು ಭಯ ಯಾಕೆ ಅಂತ ನೀವು ಕೇಳಬಹುದು. ನಾನೂ ಹಿತ್ತಿಲಲ್ಲಿ ನಿಂತು ಅದನ್ನೇ ಕೇಳಿಕೊಂಡೆ. ಭಯ ಹೋಗಲಿಲ್ಲ.

ಒಳಗೆ ಬಂದು ಬೇರೆ ಒಬ್ಬಳ ಹೆಸರು ಹೇಳಿದೆ. ಬದುಕಿರುವ, ಹೋದ ತಿಂಗಳಷ್ಟೇ ಯಾವುದೋ ಆಟದಲ್ಲಿ ಎದ್ದು ನಿಂತು ಬಾಗಿದ್ದನ್ನು ನಾವು ನೋಡಿದ್ದ ಹಾಡುಗಾತಿಯ ಹೆಸರು.

ಅವ್ವ ಟಿವಿಯ ಗಾಜಿಗೆ ವಿಭೂತಿ ಹಚ್ಚಿದಳು. ನಾಲಿಗೆಗೆ ಸಿಗದ ಆ ಹೆಸರನ್ನು ಮೊದಲು ನನ್ನ ಹತ್ತಿರ ಹೇಳಿ ಹೇಳಿ ಒಪ್ಪಿಸಿದಳು, ಆಮೇಲೆ ದೀಪದ ಮುಂದೆ ಕೈಮುಗಿದು ಕೂಗಿದಳು. "ಏಳವ್ವಾ, ನಿಮ್ಮ ಮನೆಗೆ ಹೋಗು" ಅಂದಳು. ತಂಗಿ ಗೋಡೆಗೆ ಒರಗಿ ಕೂತು ಗಂಭೀರವಾಗಿ ನೋಡುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸಿದೆ. ಆವತ್ತು ಸಂಜೆ ಅವ್ವ ಹೊಟ್ಟೆತುಂಬ ಉಂಡಳು.

ಉಣ್ಣಲಾಗದ್ದು ನನಗೆ. ಏಳಬೇಕಾದವಳನ್ನು ಯಾರೂ ಕರೆದಿಲ್ಲ. ಸುಮ್ಮನೆ ಇದ್ದ ಇನ್ನೊಬ್ಬಳನ್ನು ಕಾರಣವಿಲ್ಲದೆ ಕರೆದಾಯಿತು. ಗಿರಣಿಯವನ ಮಗಳು ಇನ್ನೂ ಹಿಮದಲ್ಲೇ ಬಿದ್ದಿದ್ದಾಳೆ, ಅದು ಗೊತ್ತಿರುವುದು ನನಗೊಬ್ಬಳಿಗೇ ಅಂತ ನನ್ನ ಸಂಕಟ. ಬಸ್ಸಿನಲ್ಲಿ ಕೂತು ಒಂದಕ್ಕೂ ಇನ್ನೊಂದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ ಅಂತ ನನಗೇ ಪಾಠ ಹೇಳಿಕೊಳ್ಳುತ್ತಿದ್ದೆ. ನ್ಯಾಮತಿ ಬರುವ ತನಕ ಪಾಠ ತಲೆಯಲ್ಲಿ ನಿಲ್ಲುತ್ತಿತ್ತು. ಶಾಲೆಯ ಗೇಟಿನಲ್ಲಿ ಫೋನು ಅಲುಗಿದರೆ ಎಲ್ಲ ಮರೆತುಹೋಗುತ್ತಿತ್ತು. ಮನೆಯಲ್ಲಿ ಅವ್ವ ಸುಮ್ಮನೆ ಆ ಹಾಡುಗಾತಿಯ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತಂಗಿಯ ಕಾಲು ಬಾತುಕೊಂಡವು. ಇದು ಅದರಿಂದಲೇ ಅಂದುಕೊಂಡೆ. ಡಾಕ್ಟರು, ಈ ತಿಂಗಳಲ್ಲಿ ಬಾತುಕೊಳ್ಳುತ್ತದೆ, ಬಿಪಿ ಮಾತ್ರ ನೋಡಿಕೊಳ್ಳಿ ಅಂದರು. ಮಾತ್ರ ಅಂದರೇನು ಅಂತ ದಾರಿಯುದ್ದ ಯೋಚಿಸಿದೆ. ಅವಳು ಮಾತ್ರ ನನ್ನ ಭುಜ ತಟ್ಟಿ, ಏನೂ ಆಗುವುದಿಲ್ಲ ಅಕ್ಕ, ನೀನು ಮೊದಲು ಊಟ ಮಾಡು ಅನ್ನುತ್ತಿದ್ದಳು.

ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಅವಳು ಕಣ್ಣಿಗೆ ಮಂಜು ಬಂದ ಹಾಗಾಗಿದೆ ಅಂದಳು. ಸಣ್ಣ ದನಿಯಲ್ಲಿ, ಹಲ್ಲುಜ್ಜುತ್ತಾ, ಸುಮ್ಮನೆ ಅಂದ ಹಾಗೆ ಅಂದಳು. ಹೊನ್ನಾಳಿಯಲ್ಲಿ ಬಿಪಿ ನೋಡಿದವರು ಒಂದು ಕ್ಷಣವೂ ಇಲ್ಲಿ ನಿಲ್ಲಬೇಡಿ, ದಾವಣಗೆರೆಗೆ ಹೋಗಿ ಅಂದರು. ದಾರಿಯುದ್ದಕ್ಕೂ ಅವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಯಾವ ದೇವರನ್ನೂ ಬಿಡದೆ ಕರೆದಳು. ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಇಳಿಸಿಕೊಂಡವರೇ ಒಳಗೆ ಓಡಿದರು. ಆಪರೇಷನ್ ಮಾಡಬೇಕು, ತಡ ಮಾಡುವ ಹಾಗಿಲ್ಲ ಅಂದರು. ಚನ್ನಗಿರಿಯಿಂದ ಅವಳ ಗಂಡ ಇನ್ನೂ ದಾರಿಯಲ್ಲಿದ್ದ. ಕಾಗದಕ್ಕೆ ನಾನೇ ಸಹಿ ಹಾಕಿದೆ. ನನ್ನ ಸಹಿ ನನ್ನದರ ಹಾಗೆ ಇರಲಿಲ್ಲ.

ಬಾಗಿಲು ಮುಚ್ಚಿತು. ಅವ್ವ ಆ ಬಾಗಿಲನ್ನೇ ನೋಡುತ್ತಾ ನಿಂತಳು. ಅಪ್ಪನ ಸಲವೂ ಹೀಗೇ ಆಂಬುಲೆನ್ಸಿನ ಬಾಗಿಲು ಮುಚ್ಚಿತ್ತು. ಎಷ್ಟೋ ಹೊತ್ತಿನ ಮೇಲೆ ಒಬ್ಬ ನರ್ಸು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತೋರಿಸಿ, ಹೆಣ್ಣು, ಸಣ್ಣದು, ಆದರೆ ಉಸಿರಾಟ ಚೆನ್ನಾಗಿದೆ ಅಂದು ಎಳೆ ಮಕ್ಕಳ ವಾರ್ಡಿಗೆ ಒಯ್ದಳು. ತಾಯಿ ಹೇಗಿದ್ದಾಳೆ ಅಂತ ಕೇಳಿದೆ. ರಕ್ತ ಹೋಗುತ್ತಿದೆ, ನೋಡುತ್ತಿದ್ದಾರೆ ಅಂದಳು. ಆಮೇಲೆ ರಕ್ತದ ಚೀಲಗಳು ಒಳಗೆ ಹೋದವು. ಹೊರಗೆ ಯಾರೂ ಬರಲಿಲ್ಲ.

ಅವ್ವ ನನ್ನ ಪಕ್ಕಕ್ಕೆ ಬಂದು ಕೂತಳು. ಕಿವಿಯ ಹತ್ತಿರ ಬಾಗಿ, ಆಸ್ಪತ್ರೆಯವರು ಕೇಳಿಸಿಕೊಂಡರೆ ನಕ್ಕಾರು ಅನ್ನುವ ಹಾಗೆ ಮೆಲ್ಲಗೆ ಕೇಳಿದಳು.

"ಆ ಹೆಸರು ನಾನು ಸರಿಯಾಗಿ ಕರೆದ್ನೇನೇ? ನಾಲಿಗೆ ಹೊರಳ್ತಿರಲಿಲ್ಲ. ತಪ್ಪು ಕರೆದ್ನೋ ಏನೋ."

ಅಷ್ಟು ದಿನವೂ ಅವಳು ನೆಮ್ಮದಿಯಾಗಿದ್ದಾಳೆ ಅಂದುಕೊಂಡಿದ್ದೆ. ತನ್ನ ನಾಲಿಗೆ ತಪ್ಪಿತೇನೋ ಅಂತ ಅವಳೂ ಒಳಗೊಳಗೇ ಬೇಯುತ್ತಿದ್ದಳು. ಸರಿಯಾಗೇ ಕರೆದೆ ಅವ್ವ, ಅವರ ಊರಿನವರ ಹಾಗೇ ಕರೆದೆ ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಸುಳ್ಳು ಹೇಳಿದ್ದಕ್ಕೆ ಆಗ ನನಗೆ ಬೇಜಾರಾಗಲಿಲ್ಲ. ಆ ಬಾಗಿಲು ತೆರೆದರೆ ಸಾಕಾಗಿತ್ತು.

ಮಧ್ಯಾಹ್ನದ ಊಟದ ಗಾಡಿ ಬಂದು ಹೋದ ಮೇಲೆ ಬಾಗಿಲು ತೆರೆಯಿತು. ಡಾಕ್ಟರು ರಕ್ತ ನಿಂತಿದೆ, ಇನ್ನು ಭಯವಿಲ್ಲ ಅಂದರು. ಅವ್ವ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಅವಳನ್ನು ಎಬ್ಬಿಸಲು ಅಷ್ಟರಲ್ಲಿ ಬಂದಿದ್ದ ಅಳಿಯ ಮತ್ತು ನಾನು ಇಬ್ಬರೂ ಬೇಕಾಯಿತು.

ತಂಗಿಯನ್ನು ವಾರ್ಡಿಗೆ ತಂದ ಮೂರನೆಯ ದಿನ ಇರಬೇಕು. ಅವ್ವ ಕೂಸನ್ನು ನೋಡಲು ಹೋಗಿದ್ದಳು. ನಾನು ಹಾಸಿಗೆಯ ಪಕ್ಕ ನಿಂತು ಮೋಸಂಬಿ ಸುಲಿಯುತ್ತಾ, ಹೆಚ್ಚು ಅಲುಗಾಡಬೇಡ, ನೋವಿದ್ದರೆ ಹೇಳು, ತಲೆ ಸುತ್ತಿದರೆ ಹೇಳು ಅಂತ ಒಂದೇ ಸಮನೆ ಅನ್ನುತ್ತಿದ್ದೆ. ಅವಳು ಮೇಲಿನ ಫ್ಯಾನನ್ನೇ ನೋಡುತ್ತಾ ಮಲಗಿದ್ದಳು. ನನ್ನ ಮಾತು ಮುಗಿಯಲಿ ಅಂತ ಕಾದ ಹಾಗಿತ್ತು.

"ನೀನು ಹೇಳಿದ್ದು ಆಕೆ ಹೆಸರಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಅಕ್ಕ" ಅಂದಳು. "ಹಚ್ಚೋ ಮುಂಚೆನೇ ಆಕೆ ಯಾರು ಅಂತ ಫೋನಿನಾಗೆ ನೋಡಿದ್ದೆ. ಆಕೆ ಹೋಗಿ ಬಾಳ ವರ್ಷ ಆಗೈತೆ ಅನ್ನೋದೂ ಗೊತ್ತಿತ್ತು."

ಮೋಸಂಬಿ ಕೈಯಲ್ಲೇ ಉಳಿಯಿತು. ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ, ಅವ್ವ ತಪ್ಪು ಹೆಸರು ಕೂಗುವಾಗ ಎದುರಿಗೇ ಕೂತಿದ್ದೆಯಲ್ಲ, ಭಯ ಆಗಲಿಲ್ಲವಾ ಅಂತ ಕೇಳಿದೆ. ಕೇಳುವಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ಆಗದೇ ಏನು. ಹಿಂದಿನ ಕೂಸು ಹೋದದ್ದು ನನ್ನ ಹೊಟ್ಟೆಯಿಂದ" ಅಂದಳು. "ದಿನಾ ಸಾಯ್ತಿದ್ದೆ. ಆದ್ರೆ ನೀವಿಬ್ರೂ ಎಷ್ಟು ಹೆದರಿದ್ರಿ ಅಂದ್ರೆ, ನಾನು ಹೆದರಾಕೆ ಮನೆಯಾಗೆ ಜಾಗಾನೇ ಇರಲಿಲ್ಲ."

ಹಲ್ಲುಜ್ಜುತ್ತಾ ಸುಮ್ಮನೆ ಅಂದ ಹಾಗೆ ಹೇಳಿದ್ದು, ನನ್ನ ಭುಜ ತಟ್ಟಿ ಊಟ ಮಾಡು ಅಂದದ್ದು, ನಮ್ಮನ್ನು ಆಡಿಕೊಂಡು ನಕ್ಕದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಆಪರೇಷನ್ನಿಗೆ ಒಯ್ಯುವಾಗ ಅಳದವಳು ಈಗ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಸುಮ್ಮನಿರು, ಏನೂ ಆಗಿಲ್ಲ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಸ್ಟೂಲು ಎಳೆದು ಹತ್ತಿರ ಕೂತೆ. ಅಷ್ಟರಲ್ಲಿ ಅವ್ವ ಬಂದಳು, ಬಾಗಿಲಲ್ಲೇ ನಿಂತು ಏನಾಯಿತು, ಡಾಕ್ಟರನ್ನು ಕರೆಯಲಾ ಅಂತ ಗಾಬರಿಯಾದಳು. ನಾನು ಎದ್ದು ಹೋಗಿ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಂಗಿ ಅತ್ತು ಮುಗಿಸಲಿ, ಅಲ್ಲಿಯ ತನಕ ಒಳಗೆ ಬರಬೇಡ ಅಂತ ಹೇಳಿ ಬಾಗಿಲು ಮುಂದೆ ಮಾಡಿದೆ.